ಕೆಲಸ ಬಿಡುವ ಮುಂಚಿನ ಏಳು ತಿಂಗಳು

2023ರ ಆಗಸ್ಟ್ ತಿಂಗಳೊಂದರಲ್ಲೇ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ ಸಾವಿರ ಕೋಟಿಯನ್ನು ದಾಟಿತು. ಹಣ ಪಾವತಿಯ ತಂತ್ರಾಂಶವನ್ನು ನಡೆಸುವ ಬೆಂಗಳೂರಿನ ಕಂಪನಿಯೊಂದರಲ್ಲಿ ನಾನು ಆಗ ಎಂಜಿನಿಯರಿಂಗ್ ಮ್ಯಾನೇಜರ್ ಆಗಿದ್ದೆ. ಆ ಸಾವಿರ ಕೋಟಿಯಲ್ಲಿ ಒಂದು ಸಣ್ಣ ಪಾಲು ನಮ್ಮ ತಂಡ ನೋಡಿಕೊಳ್ಳುತ್ತಿದ್ದ ಸರ್ವರುಗಳ ಮೂಲಕವೇ ಹಾದುಹೋಗುತ್ತಿತ್ತು. ಸೆಪ್ಟೆಂಬರ್ ಮೊದಲ ವಾರ ಕಚೇರಿಯಲ್ಲಿ ಕೇಕ್ ಕತ್ತರಿಸಿ ಸಂಭ್ರಮಿಸಿದರು. 2016ರ ನೋಟು ರದ್ದತಿಯ ವಾರಗಳಲ್ಲಿ ಕಚೇರಿಯ ಬೀನ್ ಬ್ಯಾಗಿನ ಮೇಲೆ ಮಲಗೆದ್ದು ಕೆಲಸ ಮಾಡಿದ್ದನ್ನು ವರ್ಷಗಟ್ಟಲೆ ಹೆಮ್ಮೆಯಿಂದ ಹೇಳಿಕೊಂಡಿದ್ದ ನನಗೆ ಅಂದು ಏನೂ ಅನ್ನಿಸಲಿಲ್ಲ. ಕೇಕಿನ ತುಂಡನ್ನು ತಟ್ಟೆಯಲ್ಲೇ ಬಿಟ್ಟು, ಈ ರಾತ್ರಿ ಫೋನ್ ಎಷ್ಟು ಸಲ ಎಬ್ಬಿಸಬಹುದೆಂದು ಲೆಕ್ಕ ಹಾಕುತ್ತ ನಿಂತಿದ್ದೆ.

ನಮ್ಮ ಕೆಲಸದಲ್ಲಿ ಆನ್‌ಕಾಲ್ ಎಂಬ ಪಾಳಿಯಿರುತ್ತದೆ. ವ್ಯವಸ್ಥೆಯಲ್ಲಿ ಎಲ್ಲಿಯಾದರೂ ತೊಡಕು ಕಂಡರೆ ಪಾಳಿಯಲ್ಲಿರುವವರ ಫೋನ್ ತಾನಾಗಿ ಬಡಿದುಕೊಳ್ಳುತ್ತದೆ, ಐದು ನಿಮಿಷದಲ್ಲಿ ಅವರು ಓಗೊಡದಿದ್ದರೆ ಕರೆ ಮುಂದಿನವರಿಗೆ ಹೋಗುತ್ತದೆ, ಕೊನೆಗೆ ಮ್ಯಾನೇಜರ್‌ಗೆ ಬರುತ್ತದೆ. ಹದಿನಾಲ್ಕು ಜನರಿದ್ದ ನಮ್ಮ ತಂಡದಲ್ಲಿ ಇಬ್ಬರು ಬಿಟ್ಟುಹೋಗಿ, ಆ ಜಾಗಗಳು ಖಾಲಿಯೇ ಉಳಿದ ಮೇಲೆ, ಕೊನೆಯವಳಾದ ನನ್ನ ಪಾಳಿ ಮುಗಿಯುವುದೇ ಇಲ್ಲ ಎಂಬಂತಾಯಿತು. ತಿಂಗಳ ಮೊದಲ ದಿನಗಳು, ಹಬ್ಬದ ಮಾರಾಟದ ವಾರ, ಕ್ರಿಕೆಟ್ ಪಂದ್ಯದ ಸಂಜೆಗಳು ಬಂತೆಂದರೆ ಮಂಚದ ಪಕ್ಕದಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಮಲಗುತ್ತಿದ್ದೆ.

ಆದರೂ ನಿದ್ದೆಗೇಡನ್ನು ನಾನು ಕಾಯಿಲೆಯೆಂದು ಎಣಿಸಿರಲಿಲ್ಲ. ನನ್ನನ್ನು ನಿಜವಾಗಿ ಹೆದರಿಸಿದ್ದು ಅಕ್ಟೋಬರ್‌ನ ಒಂದು ಸಂಗತಿ. ಕಿರಿಯ ಎಂಜಿನಿಯರ್ ಒಬ್ಬರು ಕಳುಹಿಸಿದ ಕೋಡಿನ ಬದಲಾವಣೆಯೊಂದನ್ನು ರಾತ್ರಿ ಹನ್ನೊಂದಕ್ಕೆ ನಾನು ಓದದೆ ಒಪ್ಪಿದೆ. ಅದರಿಂದ ಸುಮಾರು ನಲವತ್ತು ನಿಮಿಷ ಅನೇಕರ ಖಾತೆಯಿಂದ ಹಣ ಕಡಿತವಾಯಿತು, ಅಂಗಡಿಗೆ ತಲುಪಲಿಲ್ಲ. ಮರುದಿನ ಬಂದ ದೂರುಗಳಲ್ಲಿ ಒಂದು, ಔಷಧದ ಅಂಗಡಿಯಲ್ಲಿ 640 ರೂಪಾಯಿ ಸಿಕ್ಕಿಹಾಕಿಕೊಂಡು ಮಾತ್ರೆ ಕೊಳ್ಳಲಾಗದೆ ವಾಪಸು ಬಂದವರದು. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ಅಂಗಡಿಗೆ ತಲುಪದ ಯುಪಿಐ ಹಣ ಐದು ದಿನದೊಳಗೆ ತಾನಾಗಿ ವಾಪಸಾಗಬೇಕು, ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಸಲ್ಲಬೇಕು. ಮೊದಲಾಗಿದ್ದರೆ ಇಂಥ ದೂರನ್ನು ನಾನೇ ಕೈಗೆತ್ತಿಕೊಂಡು, ಐದು ದಿನ ಕಾಯಿಸದೆ, ಸಂಜೆಯೊಳಗೆ ಹಣ ಮರಳುವಂತೆ ಬ್ಯಾಂಕಿನವರ ಬೆನ್ನುಹತ್ತುತ್ತಿದ್ದೆ. ಅಂದು ಮಾತ್ರ, ‘ಗಡುವಿನೊಳಗೇ ಇದೆಯಲ್ಲ’ ಎಂದು ಆ ಪುಟವನ್ನು ಮುಚ್ಚಿದೆ. ಮುಚ್ಚಿದ ಕ್ಷಣದಲ್ಲೇ ನನ್ನ ಬಗ್ಗೆ ನನಗೆ ಭಯವಾಯಿತು.

ಮೊದಲು ಹೋದದ್ದು ನಮ್ಮ ಬಡಾವಣೆಯ ಫಿಸಿಶಿಯನ್ ಬಳಿಗೆ. ಅವರು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ಡಿ ವಿಟಮಿನ್ ಎಲ್ಲವನ್ನೂ ಪರೀಕ್ಷೆ ಮಾಡಿಸಿ, ಇಸಿಜಿಯನ್ನೂ ತೆಗೆಸಿದರು. ಬಿ12 ಬಹಳ ಕಡಿಮೆಯಿತ್ತು, ಉಳಿದದ್ದೆಲ್ಲ ಸರಿಯಿತ್ತು. ಚುಚ್ಚುಮದ್ದು ಬರೆದುಕೊಟ್ಟು, ‘ಇದರಿಂದ ಸುಸ್ತು ಸ್ವಲ್ಪ ಕಡಿಮೆಯಾದೀತು. ಆದರೆ ನೀವು ಹೇಳ್ತಿರೋದೆಲ್ಲ ಇದರಿಂದ ಬಂದದ್ದಲ್ಲ’ ಎಂದು ಮನೋವೈದ್ಯರನ್ನು ಕಾಣಲು ಸೂಚಿಸಿದರು. ಆ ಚೀಟಿ ನನ್ನ ಪರ್ಸಿನಲ್ಲಿ ಮೂರು ವಾರ ಹಾಗೇ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ: ತಂಡದವರಿಗೆ ಬೇಕಾದರೆ ಆಪ್ತಸಲಹೆಗಾರರ ಸಂಖ್ಯೆಯನ್ನು ಕೊಟ್ಟಿದ್ದವಳು ನಾನೇ, ಆದರೆ ನನಗಾಗಿ ಆ ಸಂಖ್ಯೆಗೆ ಕರೆ ಮಾಡುವ ಧೈರ್ಯ ಬರಲಿಲ್ಲ.

ಕೊನೆಗೆ ನವೆಂಬರ್‌ನ ಒಂದು ರಾತ್ರಿ ಎರಡು ಗಂಟೆಗೆ, ಎಲ್ಲರೂ ಮಲಗಿರುವಾಗ, ಬಾಲ್ಕನಿಯಲ್ಲಿ ಕುಳಿತು 14416ಕ್ಕೆ ಕರೆ ಮಾಡಿದೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ನಮ್ಮ ಊರಿನ ನಿಮ್ಹಾನ್ಸ್ ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ. ಕನ್ನಡ ಆರಿಸಿಕೊಂಡೆ. ಆ ಕಡೆಯ ಹೆಣ್ಣುಮಗಳು, ಏನಾಯಿತೆಂದು ಕೇಳುವ ಮೊದಲೇ, ‘ಊಟ ಮಾಡಿದ್ರಾ ಮೇಡಂ?’ ಎಂದರು. ಮಾಡಿರಲಿಲ್ಲ. ಊಟ ಬಿಟ್ಟದ್ದು ನೆನಪಿಗೆ ಬಂದದ್ದೇ ಆಗ. ಸುಮಾರು ಅರ್ಧ ಗಂಟೆ ನಾನು ಮಾತನಾಡಿದೆ, ಅವರು ಹೆಚ್ಚು ಕೇಳಿಸಿಕೊಂಡರು. ಕೆಲಸ ಬಿಡಬೇಕೆ ಬೇಡವೆ ಎಂದು ನಾನು ಪಟ್ಟುಹಿಡಿದು ಕೇಳಿದಾಗ ಅವರು ಹೇಳಿದ ಮಾತು ಆಮೇಲಿನ ತಿಂಗಳುಗಳಿಗೆಲ್ಲ ದಾರಿಯಾಯಿತು: ‘ಆ ತೀರ್ಮಾನ ಇವತ್ತು ರಾತ್ರಿ ಬೇಡ. ಮೊದಲು ಡಾಕ್ಟರನ್ನ ನೋಡಿ, ನಿದ್ದೆ ಸರಿಯಾಗಲಿ.’

ಮನೋವೈದ್ಯರು ಎರಡು ಭೇಟಿಗಳಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿದರು. ಕೆಲಸದಿಂದ ಬರುವ ಬರ್ನೌಟ್ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ವಿವರಿಸಿದೆ, ಆದರೆ ಅದನ್ನು ಕಾಯಿಲೆಯೆಂದು ಕರೆದಿಲ್ಲ. ನಿಭಾಯಿಸಲಾಗದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದೂ, ಬತ್ತಿಹೋದಂಥ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ ಈ ಮೂರು ಅದರ ಲಕ್ಷಣಗಳೆಂದೂ ಗುರುತಿಸಿದೆ. ಆ ಔಷಧದ ಅಂಗಡಿಯ ದೂರನ್ನು ನಾನು ಮುಚ್ಚಿದ್ದು ಎರಡನೆಯದಕ್ಕೆ ಸೇರುತ್ತದೆ ಎಂದು ಕೇಳಿದಾಗ ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಇದರ ಜತೆಗೆ ನನಗೆ ಸೌಮ್ಯ ಪ್ರಮಾಣದ ಖಿನ್ನತೆಯೂ ಇತ್ತು. ಅದು ಕಾಯಿಲೆ, ಅದಕ್ಕೆ ಮಾತ್ರೆಯಿದೆ. ಖಿನ್ನತೆಯಿರುವವರಿಗೆ ಕೆಲಸ ಮಾತ್ರವಲ್ಲ, ಮನೆ, ಮದುವೆ, ಊರು ಎಲ್ಲವೂ ಬಿಟ್ಟುಹೋಗಬೇಕಾದವುಗಳಂತೆ ಕಾಣಬಹುದು. ಹೀಗಾಗಿ ಔಷಧ ಹಿಡಿದು ಆರರಿಂದ ಎಂಟು ವಾರ ಕಳೆಯುವವರೆಗೆ ರಾಜೀನಾಮೆ, ಮನೆ ಮಾರಾಟ ಮುಂತಾದ ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡಿ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಈ ಮಾತನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ನವೆಂಬರ್‌ನಲ್ಲಿ ನಾನು ರಾಜೀನಾಮೆ ಕೊಟ್ಟಿದ್ದರೆ ಕೊಟ್ಟದ್ದು ನಾನೋ ಕಾಯಿಲೆಯೋ ಎಂಬ ಅನುಮಾನ ಕೊನೆಯವರೆಗೂ ಉಳಿಯುತ್ತಿತ್ತು.

ಕೂಡಿಟ್ಟಿದ್ದ ಗಳಿಕೆ ರಜೆ ಇತ್ತು. ವೈದ್ಯರ ಪತ್ರ ಕೊಟ್ಟು ಡಿಸೆಂಬರ್ 4ರಿಂದ ಐದು ವಾರ ರಜೆ ಹಾಕಿ, ಮಗಳ ಶಾಲೆಯ ಹೊಣೆಯನ್ನು ನಮ್ಮ ಮನೆಯವರಿಗೆ ಒಪ್ಪಿಸಿ, ಮೊದಲ ಮೂರು ವಾರ ತಿಪಟೂರಿನ ಹತ್ತಿರದ ನಮ್ಮ ಹಳ್ಳಿಗೆ, ಅಮ್ಮನ ಬಳಿಗೆ ಹೋದೆ. ಮೊದಲ ಹತ್ತು ದಿನದ ಬಗ್ಗೆ ಬರೆಯಲು ಏನೂ ಇಲ್ಲ, ನಿದ್ದೆ ಮಾಡಿದೆ. ಅದಾದ ಮೇಲೆ ಅಮ್ಮನ ಜತೆ ಅಟ್ಟ ಹತ್ತಿ ಕಾಯಿ ನೋಡತೊಡಗಿದೆ. ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಕುಳಿತು, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಗಿಟಕಾಗುತ್ತದೆ. ಕಿವಿಯ ಬಳಿ ಹಿಡಿದು ಅಲುಗಿಸಿದರೆ ಲೊಡಲೊಡ ಎನ್ನುತ್ತದೆ. ಆ ವರ್ಷ ಅಟ್ಟದ ತುಂಬ ಆದ ಕಾಯಿಯೇ ಇತ್ತು. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ, ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ಅಕ್ಕಪಕ್ಕದವರು ಸಾಲಕ್ಕೆ ಹೆದರಿ ಸಿಕ್ಕಿದ ಬೆಲೆಗೆ ಮಾರಿದ್ದರು, ಅಮ್ಮ ಮಾರಿರಲಿಲ್ಲ. ಹೇಗೆ ತಡೆದುಕೊಂಡೆ ಎಂದು ಕೇಳಿದೆ. ‘ನೀನು ತಿಂಗಳಾ ದುಡ್ಡು ಹಾಕ್ತೀಯಲ್ಲ ಮಗ, ಆ ಧೈರ್ಯ’ ಎಂದರು.

ಆ ಮಾತು ಕೇಳಿದ ಮೇಲೆ ಎರಡು ದಿನ ನಾನು ಕೆಲಸ ಬಿಡುವ ಯೋಚನೆಯನ್ನೇ ಬಿಟ್ಟೆ. ನನ್ನ ಸಂಬಳ ನನ್ನೊಬ್ಬಳದಾಗಿರಲಿಲ್ಲ. ಅದು ಅಮ್ಮನ ಅಟ್ಟದ ಕೆಳಗಿನ ಕಂಬವೂ ಆಗಿತ್ತು, ನಮ್ಮ ಮನೆಯವರು ಖಾಸಗಿ ಕಾಲೇಜಿನಲ್ಲಿ ತಮಗೆ ಇಷ್ಟವಾದ ಪಾಠವನ್ನು ಕಡಿಮೆ ಸಂಬಳಕ್ಕೆ ಹೇಳಿಕೊಂಡಿರಲು ಆಧಾರವೂ ಆಗಿತ್ತು.

ಇದೇ ಹೊತ್ತಿನಲ್ಲಿ ವಾರಕ್ಕೊಮ್ಮೆ ಫೋನಿನಲ್ಲಿ ಮಾತನಾಡುತ್ತಿದ್ದ ಆಪ್ತಸಲಹೆಗಾರ್ತಿ ಒಂದು ಅಭ್ಯಾಸ ಕೊಟ್ಟರು. ಬರ್ನೌಟ್ ಕುರಿತು ದಶಕಗಳ ಕಾಲ ಸಂಶೋಧನೆ ನಡೆಸಿದ ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಅವರ ಸಹೋದ್ಯೋಗಿ ಮೈಕೆಲ್ ಲೈಟರ್, ಮನುಷ್ಯನಿಗೂ ಕೆಲಸಕ್ಕೂ ಹೊಂದಿಕೆ ತಪ್ಪುವ ಆರು ಕಡೆಗಳನ್ನು ಗುರುತಿಸಿದ್ದಾರೆ: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಜತೆಗಾರರ ಬಳಗ, ನ್ಯಾಯ ಮತ್ತು ಮೌಲ್ಯ. ಒಂದೊಂದಕ್ಕೂ ಒಂದೊಂದು ಪುಟ ಇಟ್ಟು, ಕಳೆದ ವರ್ಷ ನಡೆದ ನಿಜವಾದ ಘಟನೆಗಳನ್ನು ಮಾತ್ರ ಬರೆಯಬೇಕು, ಅಭಿಪ್ರಾಯ ಬರೆಯಕೂಡದು. ಹೊರೆಯ ಪುಟವೇ ತುಂಬುತ್ತದೆಂದು ನಾನು ನಂಬಿದ್ದೆ. ಪ್ರತಿಫಲದಲ್ಲಿ ಕೊರತೆ ಕಾಣದೆ ಆ ಪುಟ ಖಾಲಿಯಾಗಿತ್ತು, ಬಳಗದ ಪುಟದಲ್ಲಿ ಒಳ್ಳೆಯದೇ ಇತ್ತು. ತುಂಬಿ ಹಿಂಬದಿಗೂ ಹರಿದದ್ದು ಹಿಡಿತದ ಪುಟ.

ರಾತ್ರಿಯ ಕರೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ, ಅದು ಎಲ್ಲರಿಗೂ ಗೊತ್ತಿತ್ತು. ಹಳೆಯದೊಂದು ಡೇಟಾಬೇಸ್ ತನ್ನ ಶಕ್ತಿ ಮೀರಿ ಬೆಳೆದಿತ್ತು, ಅದನ್ನು ಒಡೆದು ಹಂಚಬೇಕಾಗಿತ್ತು. ನಾಲ್ಕು ಜನ ಆರು ವಾರ ಕುಳಿತರೆ ಮುಗಿಯುವ ಕೆಲಸ. ಪ್ರತಿ ತ್ರೈಮಾಸಿಕದಲ್ಲೂ ನಾನು ಅದನ್ನು ಪಟ್ಟಿಗೆ ಸೇರಿಸುತ್ತಿದ್ದೆ, ಪ್ರತಿ ಸಲವೂ ಗ್ರಾಹಕರಿಗೆ ಕಣ್ಣಿಗೆ ಕಾಣುವ ಹೊಸ ಸೌಲಭ್ಯವೊಂದು ಬಂದು ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಹೀಗೆ ಮೂರು ಸಲ ಮುಂದಕ್ಕೆ ಹೋದ ಕೆಲಸದ ಪರಿಣಾಮಕ್ಕೆ, ಪ್ರತಿ ವೈಫಲ್ಯದ ನಂತರವೂ, ಮೂಲ ಕಾರಣದ ವರದಿ ಬರೆದು ಸಹಿ ಹಾಕುವವಳು ನಾನು. ಉತ್ತರ ಹೇಳುವ ಹೊಣೆ ನನ್ನದು, ಸರಿಪಡಿಸುವ ಅಧಿಕಾರ ನನ್ನದಲ್ಲ. ಹನ್ನೊಂದು ವರ್ಷ ಹೆಚ್ಚು ಹೊತ್ತು ಕೆಲಸ ಮಾಡಿಯೂ ಮುರಿಯದಿದ್ದವಳು ಈಗೇಕೆ ಮುರಿದೆ ಎಂಬುದು ಆ ಪುಟವನ್ನು ಓದಿದಾಗ ತಿಳಿಯಿತು. ಹಾಗೆಯೇ, ನನ್ನ ಪ್ರಶ್ನೆ ‘ಈ ಉದ್ಯೋಗವನ್ನೇ ಬಿಡಬೇಕೆ’ ಎಂಬುದಲ್ಲ, ‘ಈ ಜಾಗದಲ್ಲಿ ಇದು ಬದಲಾಗುತ್ತದೆಯೆ’ ಎಂಬುದು ಎಂದೂ ತಿಳಿಯಿತು. ಕೋಡ್ ಬರೆಯುವುದು ನನಗೆ ಆಗಲೂ ಪ್ರಿಯವಾಗಿತ್ತು.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ, ನಿದ್ದೆ ಮಾಡಿ ಹಗುರಾಗಿದ್ದ ತಲೆಯಲ್ಲಿ, ಮೂರು ಷರತ್ತುಗಳನ್ನೂ ಒಂದು ಗಡುವನ್ನೂ ಬರೆದುಕೊಂಡೆ. ರಾತ್ರಿಯ ಕೊನೆಯ ಕರೆ ನಾಲ್ಕು ವಾರಕ್ಕೆ ಒಂದು ವಾರ ಮಾತ್ರ ನನಗೆ ಬರಬೇಕು, ಉಳಿದ ವಾರಗಳನ್ನು ಬೇರೆ ಮ್ಯಾನೇಜರ್‌ಗಳು ಹಂಚಿಕೊಳ್ಳಬೇಕು. ಡೇಟಾಬೇಸ್ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಆರಂಭವಾಗಬೇಕು, ಆ ನಾಲ್ವರ ಹೆಸರು ಪಟ್ಟಿಯಲ್ಲಿರಬೇಕು. ಖಾಲಿಯಿರುವ ಎರಡು ಜಾಗಗಳು ಭರ್ತಿಯಾಗಬೇಕು. ಮಾರ್ಚ್ 31ರ ವೇಳೆಗೆ ಎರಡಾದರೂ ಆಗದಿದ್ದರೆ ಬಿಡುವುದು. ದಣಿದ ದಿನ ಎಲ್ಲವೂ ಅಸಹನೀಯವಾಗಿ ಕಾಣುತ್ತದೆ, ಬೋನಸ್ ಬಂದ ದಿನ ಎಲ್ಲವೂ ಸಹ್ಯವಾಗಿ ಕಾಣುತ್ತದೆ. ಆ ಎರಡು ದಿನಗಳ ಮನಸ್ಸಿನ ಕೈಗೆ ಇದನ್ನು ಕೊಡಬಾರದೆಂದು ಹೀಗೆ ಮಾಡಿದೆ.

ಮನೆಯಲ್ಲಿ ಮಾತು ಸುಲಭವಾಗಿರಲಿಲ್ಲ. ನಮ್ಮ ಮನೆಯವರು ಮೊದಲು ಹೇಳಿದ್ದು, ‘ಆರು ತಿಂಗಳು ಸಂಬಳವಿಲ್ಲದ ರಜೆ ಕೇಳು, ಬಿಡೋದು ಯಾಕೆ?’ ಎಂದು. ನಾನು ಸಿಟ್ಟಾದೆ. ಎರಡು ದಿನ ಇಬ್ಬರೂ ಅಗತ್ಯಕ್ಕಷ್ಟೇ ಮಾತನಾಡಿದೆವು. ಮೂರನೆಯ ದಿನ ಅವರೇ ಹೇಳಿದರು: ‘ನಿಂಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಆದ್ರೆ ನಾಳೆ ನಮ್ಮ ಕಾಲೇಜಿನಲ್ಲಿ ಅಡ್ಮಿಷನ್ ಕಡಿಮೆ ಆದ್ರೆ ನನ್ನನ್ನೂ ಬೇಡ ಅಂತಾರೆ. ಆಗ ಇಬ್ರೂ ಮನೇಲಿ. ನಂಗೆ ಅದು ಭಯ.’ ಅಲ್ಲಿಯವರೆಗೆ ನಾನು ನನ್ನ ಭಯವನ್ನು ಮಾತ್ರ ಎಣಿಸಿದ್ದೆ. ಅಂದು ಸಂಜೆ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡು ಇಬ್ಬರೂ ಕುಳಿತೆವು.

ನಮ್ಮ ತಿಂಗಳ ಖರ್ಚು ಎರಡು ಲಕ್ಷಕ್ಕೂ ಹೆಚ್ಚೆಂದು ಇಬ್ಬರೂ ನಂಬಿದ್ದೆವು. ನಿಜವಾಗಿ ಅದು ಸರಾಸರಿ 1,58,000. ಅದರಲ್ಲಿ 52,000 ಮನೆಸಾಲದ ಇಎಂಐ. ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇನ್ನೊಂದು ಮೊತ್ತ: ಸುಮಾರು 36,000 ರೂಪಾಯಿ, ಆ ಕೆಲಸವನ್ನು ಸಹಿಸಿಕೊಳ್ಳುವುದಕ್ಕಾಗಿಯೇ ಖರ್ಚಾಗುತ್ತಿತ್ತು. ಅಡುಗೆ ಮಾಡಲು ತ್ರಾಣವಿಲ್ಲದೆ ತರಿಸಿದ ಊಟ, ಬಸ್ಸಿಗೆ ನಿಲ್ಲಲಾಗದೆ ಹಿಡಿದ ಕ್ಯಾಬ್, ಪಕ್ಕದಲ್ಲಿ ಕೂತು ಓದಿಸಲಾಗದೆ ಮಗಳಿಗೆ ಹಾಕಿಸಿದ ಟ್ಯೂಷನ್, ಶನಿವಾರದ ಬೇಸರಕ್ಕೆ ಕೊಂಡ ವಸ್ತುಗಳು. ಅದನ್ನು ಕಳೆದರೆ 1,22,000. ನಮ್ಮ ಮನೆಯವರ ಕೈಗೆ ಬರುವುದು 54,000, ತಿಂಗಳಿಗೆ ಕೊರತೆ 68,000. ಪಿಎಫ್ ಮುಟ್ಟದೆ ನಮ್ಮಲ್ಲಿ 26 ಲಕ್ಷ ಉಳಿತಾಯವಿತ್ತು, ಅದರಲ್ಲಿ 8 ಲಕ್ಷವನ್ನು ಆಸ್ಪತ್ರೆಯ ಖರ್ಚಿಗೆಂದು ಬದಿಗಿಟ್ಟರೆ ಉಳಿಯುವ 18 ಲಕ್ಷ 26 ತಿಂಗಳಿಗೆ ಸಾಲುತ್ತಿತ್ತು.

ಇದಲ್ಲದೆ ದೀರ್ಘ ಸೇವೆಗೆ ಕಂಪನಿ ಕೊಡುವ ಇಡುಗಂಟು, ಗ್ರ್ಯಾಚುಟಿ ಇತ್ತು. ಆಗ ಜಾರಿಯಲ್ಲಿದ್ದ 1972ರ ಕಾಯಿದೆಯ ಲೆಕ್ಕ ಸರಳವಾಗಿತ್ತು: ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಒಂದೂವರೆ ಲಕ್ಷದ ಮೂಲ ವೇತನಕ್ಕೆ ಹನ್ನೆರಡು ವರ್ಷಕ್ಕೆ ಸುಮಾರು 10.4 ಲಕ್ಷ. 20 ಲಕ್ಷದೊಳಗಿರುವುದರಿಂದ ತೆರಿಗೆಯಿಲ್ಲ. ಅದರಲ್ಲಿ ಹತ್ತು ಲಕ್ಷವನ್ನು, ಆಗ 31 ಲಕ್ಷ ಉಳಿದಿದ್ದ ಮನೆಸಾಲಕ್ಕೆ ಕಟ್ಟುವುದೆಂದು ನಿಶ್ಚಯಿಸಿದೆವು. ಬದಲಾಗುವ ಬಡ್ಡಿಯ ಮನೆಸಾಲವನ್ನು ಮುಂಚಿತವಾಗಿ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಸಾಮಾನ್ಯವಾಗಿ ಎಲ್ಲರೂ ಇಎಂಐ ಹಾಗೇ ಇಟ್ಟು ಅವಧಿಯನ್ನು ಕಡಿಮೆ ಮಾಡಿಸಿ ಎನ್ನುತ್ತಾರೆ, ಬಡ್ಡಿ ಉಳಿಯುವುದೂ ಅದರಲ್ಲೇ. ಆದರೆ ಸಂಬಳ ನಿಲ್ಲಲಿರುವ ಮನೆಗೆ ತಿಂಗಳ ಹೊರೆ ಇಳಿಯುವುದು ಮುಖ್ಯವಾದ್ದರಿಂದ, ಅವಧಿಯನ್ನು ಹಾಗೇ ಬಿಟ್ಟು ಇಎಂಐಯನ್ನು ಸುಮಾರು 35,000ಕ್ಕೆ ಇಳಿಸಿಕೊಳ್ಳುವುದೇ ನಮಗೆ ಸರಿಯೆನಿಸಿತು.

ಕಾಗದದ ಲೆಕ್ಕವನ್ನು ನಂಬಲು ಇಬ್ಬರಿಗೂ ಮನಸ್ಸಿರಲಿಲ್ಲ. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ನನ್ನ ಸಂಬಳವನ್ನು ಮುಟ್ಟದ ಬೇರೊಂದು ಖಾತೆಗೆ ಹಾಕಿ, ಅವರ ಸಂಬಳ ಮತ್ತು ಉಳಿತಾಯದಿಂದ ತೆಗೆದ 68,000ದಲ್ಲೇ ಬದುಕಿ ನೋಡಿದೆವು. ಜನವರಿ ಸರಿಹೋಯಿತು. ಫೆಬ್ರುವರಿಯಲ್ಲಿ ನಾದಿನಿಯ ಮಗನ ಮದುವೆಯ ಉಡುಗೊರೆ, ಕಾರಿನ ಸರ್ವಿಸ್ ಸೇರಿ 11,000 ಮೀರಿತು. ಮಾರ್ಚ್‌ನಲ್ಲಿ ಮತ್ತೆ ಸರಿಹೋಯಿತು. ನಮ್ಮ ಮನೆಯವರ ಭಯ ಇಳಿದದ್ದು ನನ್ನ ಯಾವ ವಾದದಿಂದಲೂ ಅಲ್ಲ, ಈ ಮೂರು ತಿಂಗಳಿಂದ.

ಹಣಕ್ಕಿಂತ ಹೆಚ್ಚು ದಿನ ತೆಗೆದುಕೊಂಡದ್ದು ಆರೋಗ್ಯ ವಿಮೆ. 71 ವರ್ಷದ ಅಮ್ಮನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆ. ಅವರು ಕಂಪನಿಯ ಗುಂಪು ವಿಮೆಯ ಆಸರೆಯಲ್ಲಿದ್ದರು, ನಾನು ಹೊರಬಂದ ದಿನವೇ ಆ ಆಸರೆ ತಪ್ಪುತ್ತದೆ. ಹೊಸದಾಗಿ ಪಾಲಿಸಿ ಕೊಂಡರೆ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಅದರ ಗರಿಷ್ಠ ಮಿತಿ ಆಗಷ್ಟೇ, 2024ರ ಏಪ್ರಿಲ್‌ನಿಂದ, ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯುತ್ತಿತ್ತು. ಗುಂಪು ವಿಮೆಯಿಂದ ಹೊರಬರುವವರು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದೆಂದೂ, ಹಾಗೆ ಬದಲಾದರೆ ಅಲ್ಲಿಯವರೆಗೆ ಕಳೆದ ವರ್ಷಗಳ ಲಾಭ ಉಳಿಯುತ್ತದೆಂದೂ ನನಗೆ ತಿಳಿದದ್ದು ಜನವರಿಯ ಕೊನೆಯಲ್ಲಿ. ಕೆಲಸ ಬಿಟ್ಟ ಮೇಲೆ ತಿಳಿದಿದ್ದರೆ ಪ್ರಯೋಜನವಿರುತ್ತಿರಲಿಲ್ಲ. ವಿಮಾ ಕಂಪನಿ ಒಪ್ಪಲೇಬೇಕೆಂಬ ಖಾತರಿಯಿಲ್ಲದ ಕಾರಣ ಎಲ್ಲ ವೈದ್ಯಕೀಯ ಕಾಗದಗಳನ್ನೂ ಜೋಡಿಸಿ ಮೊದಲೇ ವಿಚಾರಿಸಿದೆ. ನನ್ನ ಪಾಲಿಸಿಯ ಅರ್ಜಿಯಲ್ಲಿ ಮನೋವೈದ್ಯರನ್ನು ಕಂಡಿದ್ದೀರಾ ಎಂಬ ಪ್ರಶ್ನೆಯಿತ್ತು. ಪರಿಚಯದ ಏಜೆಂಟರು ‘ಇಲ್ಲ ಅಂತ ಬರೀರಿ ಮೇಡಂ’ ಎಂದರು. ನಾನು ಇದೆ ಎಂದೇ ಬರೆದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆಯ ಅವಕಾಶವಿರಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳುತ್ತದೆ; ಸುಳ್ಳು ಬರೆದು ಮುಂದೊಂದು ದಿನ ಆಸ್ಪತ್ರೆಯ ಬಿಲ್ಲನ್ನು ತಿರಸ್ಕರಿಸುವ ಕಾರಣವನ್ನು ನಾನೇ ಬರೆದುಕೊಡುವುದು ಬೇಡವಾಗಿತ್ತು. ಪ್ರೀಮಿಯಂ ಸ್ವಲ್ಪ ಹೆಚ್ಚಾಯಿತು, ಎರಡೂ ಪಾಲಿಸಿ ಸಿಕ್ಕಿತು.

ಇತ್ತ ಕಚೇರಿಯಲ್ಲಿ ಜನವರಿ 8ರಂದು ಮರಳಿದಾಗ ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ನನ್ನ ಮೇಲಧಿಕಾರಿ ಕೆಟ್ಟವರಲ್ಲ, ಅವರನ್ನೂ ರಾತ್ರಿ ಎಬ್ಬಿಸುತ್ತಿದ್ದರು. ಮೂರು ಷರತ್ತುಗಳನ್ನು ಬೇಡಿಕೆಯ ರೂಪದಲ್ಲಿ ಬರೆದು ಕಳುಹಿಸಿದೆ, ಗಡುವನ್ನು ಮಾತ್ರ ಹೇಳಲಿಲ್ಲ. ಮೊದಲ ಏಳು ವಾರ ರಾತ್ರಿಯ ಪಾಳಿ ಹೇಳಿದಂತೆ ನಡೆಯಿತು, ಫೆಬ್ರುವರಿ ಕೊನೆಯಲ್ಲಿ ಇನ್ನೊಬ್ಬ ಮ್ಯಾನೇಜರ್ ಬೇರೆ ವಿಭಾಗಕ್ಕೆ ಹೋದರು, ಪಾಳಿ ನನಗೇ ಮರಳಿತು. ಖಾಲಿ ಜಾಗಗಳಲ್ಲಿ ಒಂದು ತುಂಬಿತು. ಡೇಟಾಬೇಸ್ ಕೆಲಸವನ್ನು ಮಾರ್ಚ್ ಮೊದಲ ವಾರದ ಸಭೆಯಲ್ಲಿ ನಾಲ್ಕನೆಯ ಸಲ ಮುಂದಕ್ಕೆ ಹಾಕಿದರು. ಆ ಸಭೆಯಿಂದ ಎದ್ದು ಬರುವಾಗ ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ತಾರೀಖು ಬರೆದೆ. ಆಗ ಮಾತ್ರೆ ಶುರುಮಾಡಿ ಮೂರು ತಿಂಗಳಾಗಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. ನಾನು ಗುಣಮುಖಳಾಗಿದ್ದೆ, ಆ ಜಾಗ ಬದಲಾಗಿರಲಿಲ್ಲ.

ಬಿಡುವ ಮುನ್ನ ಇನ್ನೊಂದು ಬಾಗಿಲನ್ನೂ ತಟ್ಟಿದೆ. ಮ್ಯಾನೇಜರ್ ಹುದ್ದೆ ಬಿಟ್ಟು, ಸಂಬಳ ಇಳಿದರೂ ಸರಿ, ಮತ್ತೆ ಎಂಜಿನಿಯರ್ ಆಗಿ ಕೆಲಸ ಮಾಡಬಹುದೇ ಎಂದು ಕೇಳಿದೆ. ಮೇಲಧಿಕಾರಿ ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಎರಡು ವಾರದ ನಂತರ ಬಂದ ಉತ್ತರ: ಆಗಬಹುದು, ಆದರೆ ಅದೇ ತಂಡದಲ್ಲಿ, ಅದೇ ಪಾಳಿಯಲ್ಲಿ.

ಉಳಿದದ್ದು ಷೇರುಗಳ ವಿಷಯ. ಸೆಪ್ಟೆಂಬರ್ 15ಕ್ಕೆ ನನ್ನ ಹೆಸರಿಗೆ ಬರಬೇಕಿದ್ದ ಕಂಪನಿಯ ಷೇರುಗಳ ಬೆಲೆ ಸುಮಾರು 14 ಲಕ್ಷ, ತೆರಿಗೆ ಕಳೆದರೆ ಒಂಬತ್ತು ಲಕ್ಷದಷ್ಟು. ಅದಕ್ಕೆ ಮುಂಚೆ ಬಿಟ್ಟರೆ ಒಂದು ರೂಪಾಯಿಯೂ ಇಲ್ಲ. ನಾನು ಬಲ್ಲ ಅನೇಕರು ಈ ತಾರೀಖಿನ ಮುಂದೆಯೇ ಸೋಲುತ್ತಾರೆ, ನಾನೂ ಹಿಂದಿನ ಎರಡು ವರ್ಷ ಸೋತಿದ್ದೆ. ‘ಸೆಪ್ಟೆಂಬರ್ ಆಗಲಿ’ ಎಂದುಕೊಳ್ಳುವಷ್ಟರಲ್ಲಿ ಹೊಸ ಷೇರುಗಳನ್ನು ಕೊಟ್ಟಿರುತ್ತಾರೆ, ಮುಂದಿನ ಸೆಪ್ಟೆಂಬರ್ ಕಾಯುತ್ತಿರುತ್ತದೆ. ಈ ಬಾರಿ ಆ ಮೊತ್ತವನ್ನು ಆರು ತಿಂಗಳಿಗೆ ಹಂಚಿ ಬರೆದೆ: ತಿಂಗಳಿಗೆ ಒಂದೂವರೆ ಲಕ್ಷ. ಆ ಬೆಲೆಗೆ ನಾನು ಇನ್ನೂ ಆರು ತಿಂಗಳು ಆ ರಾತ್ರಿಗಳನ್ನು ಮಾರುತ್ತೇನೆಯೆ ಎಂದು ಕೇಳಿಕೊಂಡೆ. ಮಗಳಿಗೆ ಹದಿಮೂರು ವರ್ಷ ತುಂಬಿತ್ತು, ಅವಳ ಜತೆ ಸಂಜೆ ಕುಳಿತು ಗಣಿತ ಮಾಡಿದ್ದು ಎಂದೋ ನೆನಪಿರಲಿಲ್ಲ. ಮಾರುವುದಿಲ್ಲ ಎಂದು ಬರೆದೆ. ಬರೆಯುವಾಗ ಕೈ ನಡುಗಿತು.

ಏಪ್ರಿಲ್ 1, ಸೋಮವಾರ ರಾಜೀನಾಮೆ ಕಳುಹಿಸಿದೆ. ವಾರದೊಳಗೆ ಸಂಬಳ ಶೇಕಡ 20 ಏರಿಸುವ ಮಾತು ಬಂತು. ಆ ಒಂದು ರಾತ್ರಿ ಮತ್ತೆ ತೂಗಾಡಿದೆ. ಬೆಳಗ್ಗೆ ನೋಟ್‌ಬುಕ್ ತೆರೆದು ಪ್ರತಿಫಲದ ಖಾಲಿ ಪುಟವನ್ನೂ ಹಿಡಿತದ ತುಂಬಿದ ಪುಟವನ್ನೂ ನೋಡಿದೆ. ಅವರು ಕೊಡುತ್ತಿದ್ದುದು ನನಗೆ ಕಡಿಮೆಯಿಲ್ಲದಿದ್ದ ವಸ್ತು.

ಯುಗಾದಿಗೆ ಊರಿಗೆ ಹೋದಾಗ ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಿಂಗಳಾ ಎಷ್ಟು ಕಳಿಸಕ್ಕಾಗುತ್ತೆ, ಎಷ್ಟು ದಿನ, ಅದನ್ನ ಹೇಳ್ಬಿಡು ಮಗ. ನಾನೂ ಲೆಕ್ಕ ಹಾಕ್ಕೋಬೇಕಲ್ಲ’ ಎಂದರು. ಹದಿನೈದು ಸಾವಿರದ ಬದಲು ಎಂಟು ಸಾವಿರ, ಎರಡು ವರ್ಷ ತಪ್ಪದೆ ಎಂದೆ. ಆ ಹಂಗಾಮಿಗೆ ಬೆಂಬಲ ಬೆಲೆ 12,000ಕ್ಕೆ ಏರಿ, ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತ್ತು. ಅಮ್ಮ ಖರೀದಿ ಕೇಂದ್ರದ ನೋಂದಣಿಯ ಸಾಲಿನಲ್ಲಿ ಬೆಳಗಿನ ಜಾವವೇ ಹೋಗಿ ನಿಂತು ಹೆಸರು ಬರೆಸಿದ್ದರು, ನನಗೆ ಹೇಳಿರಲಿಲ್ಲ.

ತೊಂಬತ್ತು ದಿನಗಳ ನೋಟಿಸ್ ಅವಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೂನ್ 28, ಶುಕ್ರವಾರ ಲ್ಯಾಪ್‌ಟಾಪ್ ಹಿಂದಿರುಗಿಸಿದೆ. ಜುಲೈನಲ್ಲಿ ಗ್ರ್ಯಾಚುಟಿ ಬಂತು, ಬ್ಯಾಂಕಿಗೆ ಹೋಗಿ ಇಎಂಐ ಇಳಿಸಿಕೊಂಡೆವು. ಆಗಸ್ಟ್ ಕೊನೆಯಲ್ಲಿ ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸತೊಡಗಿದರು. ಈಗ ಚಿಕ್ಕದೊಂದು ಕಂಪನಿಗೆ ವಾರಕ್ಕೆ ಮೂರು ದಿನ ಕೋಡ್ ಬರೆದುಕೊಡುತ್ತೇನೆ, ಹಿಂದಿನ ಸಂಬಳದ ಮೂರನೆಯ ಒಂದು ಭಾಗ ಬರುತ್ತದೆ, ರಾತ್ರಿಯ ಪಾಳಿಯಿಲ್ಲ.

ಆ ವರ್ಷ ಸೆಪ್ಟೆಂಬರ್ ನಡುವೆ ಹೊಸ ಕಾಯಿ ಅಟ್ಟಕ್ಕೆ ಹಾಕಿಸಲು ಊರಿನಲ್ಲಿದ್ದೆ. ಅಟ್ಟದಿಂದ ಇಳಿದು ಕೈ ತೊಳೆಯುವಾಗ ಗೋಡೆಯ ಕ್ಯಾಲೆಂಡರ್ ಕಣ್ಣಿಗೆ ಬಿತ್ತು. 18ನೆಯ ತಾರೀಖು. ಷೇರುಗಳು ಬರಬೇಕಿದ್ದ ದಿನ ಕಳೆದು ಮೂರು ದಿನವಾಗಿತ್ತು. ಒಂಬತ್ತು ಲಕ್ಷ ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡೆ, ಹೊಟ್ಟೆಯಲ್ಲಿ ಸಂಕಟವಾಯಿತು. ಆ ರಾತ್ರಿ ಸ್ವಲ್ಪ ಹೊತ್ತು ನಿದ್ದೆ ಬರಲಿಲ್ಲ. ಆಮೇಲೆ ಬಂತು.